ಗಾಳಿನಾಳ, ಕೊಳವೆಗಳ ಲೆಕ್ಕ ತಪ್ಪದಿರಲಿ: ರೆವಿಟ್ ತಂತ್ರಾಂಶದ ಮೆಕ್ಯಾನಿಕಲ್ ಸೆಟ್ಟಿಂಗ್ಸ್ ಕುರಿತ ಮಾಹಿತಿ

ಹೊಸ ಅಪಾರ್ಟ್‌ಮೆಂಟಿನ ಮೇಲಂತಸ್ತಿನ ನಲ್ಲಿಯಲ್ಲಿ ನೀರು ಸಣ್ಣಗೆ ಹರಿಯುತ್ತದೆ. ಕಚೇರಿಯೊಂದರಲ್ಲಿ ಹವಾನಿಯಂತ್ರಣ ಯಂತ್ರ ದಿನವಿಡೀ ಓಡಿದರೂ ಮೂಲೆಯ ಕೊಠಡಿ ತಂಪಾಗುವುದಿಲ್ಲ. ಸ್ನಾನಗೃಹದ ಹೊಲಸು ನೀರಿನ ಕೊಳವೆ ಆರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ. ಇಂತಹ ದೂರುಗಳಿಗೆ ಜನ ಸಾಮಾನ್ಯವಾಗಿ ಪ್ಲಂಬರನನ್ನೋ ಗುತ್ತಿಗೆದಾರನನ್ನೋ ದೂಷಿಸುತ್ತಾರೆ. ಆದರೆ ಅನೇಕ ಬಾರಿ ದೋಷದ ಬೀಜ ಬಿತ್ತನೆಯಾಗುವುದು ಕಟ್ಟಡಕ್ಕೆ ಪಾಯ ತೋಡುವುದಕ್ಕೂ ಮೊದಲೇ, ವಿನ್ಯಾಸಕಾರರ ಕಂಪ್ಯೂಟರ್ ತೆರೆಯ ಮೇಲೆ.

ಇಂದು ದೊಡ್ಡ ಕಟ್ಟಡಗಳ ಗಾಳಿನಾಳ ಮತ್ತು ಕೊಳವೆಗಳನ್ನು ಮೂರು ಆಯಾಮದ ಮಾದರಿಯಲ್ಲಿ ರಚಿಸಲಾಗುತ್ತದೆ. ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಾಗುವ ತಂತ್ರಾಂಶಗಳಲ್ಲಿ ಆಟೋಡೆಸ್ಕ್ ಸಂಸ್ಥೆಯ ರೆವಿಟ್ ಪ್ರಮುಖವಾದುದು. ಅದರಲ್ಲಿ ಮೊದಲ ಗೆರೆ ಎಳೆಯುವ ಮುನ್ನವೇ ಸರಿಪಡಿಸಿಕೊಳ್ಳಬೇಕಾದ ಹೊಂದಿಕೆಗಳು ಯಾವುವು, ಅವು ತಪ್ಪಿದರೆ ಆಗುವ ಪರಿಣಾಮವೇನು ಎಂಬುದರ ವಿವರ ಇಲ್ಲಿದೆ.

ತಂತ್ರಾಂಶದ ಹಿನ್ನೆಲೆ

ರೆವಿಟ್‌ನ ಮೂಲ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1997ರಲ್ಲಿ ಆರಂಭವಾದ ಚಾರ್ಲ್ಸ್ ರಿವರ್ ಸಾಫ್ಟ್‌ವೇರ್ ಎಂಬ ಸಂಸ್ಥೆ. 2000ನೇ ಇಸವಿಯಲ್ಲಿ ಮೊದಲ ಆವೃತ್ತಿ ಹೊರಬಂತು. 2002ರಲ್ಲಿ ಆಟೋಡೆಸ್ಕ್ ಅದನ್ನು ಖರೀದಿಸಿತು. ಆರಂಭದಲ್ಲಿ ವಾಸ್ತುಶಿಲ್ಪಿಗಳಿಗಷ್ಟೇ ಉಪಯುಕ್ತವಾಗಿದ್ದ ಈ ತಂತ್ರಾಂಶದಲ್ಲಿ ಹವಾನಿಯಂತ್ರಣ, ವಿದ್ಯುತ್ ಮತ್ತು ನೀರು ಸರಬರಾಜಿನ ವಿನ್ಯಾಸಕ್ಕಾಗಿ 2006ರಲ್ಲಿ ರೆವಿಟ್ ಸಿಸ್ಟಮ್ಸ್ ಎಂಬ ಪ್ರತ್ಯೇಕ ಆವೃತ್ತಿ ಬಂತು. ಮುಂದೆ ಅದೇ ರೆವಿಟ್ ಎಂಇಪಿ ಎನಿಸಿಕೊಂಡಿತು. 2013ರ ಆವೃತ್ತಿಯಿಂದ ಮೂರೂ ವಿಭಾಗಗಳು ಒಂದೇ ತಂತ್ರಾಂಶದಲ್ಲಿ ದೊರೆಯತೊಡಗಿದವು.

ಅಮೆರಿಕದಲ್ಲಿ ಹುಟ್ಟಿದ ತಂತ್ರಾಂಶವಾದ್ದರಿಂದ ಅದರ ಸಿದ್ಧ ಕಡತಗಳಲ್ಲಿ ತುಂಬಿರುವ ಅಳತೆ, ಇಳಿಜಾರು, ಕೊಳವೆಯ ದಪ್ಪ ಮುಂತಾದವು ಬಹುಮಟ್ಟಿಗೆ ಅಲ್ಲಿನ ರೂಢಿಯವು. ಮೆಟ್ರಿಕ್ ಕಡತ ತೆರೆದ ಮಾತ್ರಕ್ಕೆ ಅವು ಭಾರತೀಯ ಮಾನಕಗಳಿಗೆ ಹೊಂದಿಕೊಳ್ಳುತ್ತವೆ ಎಂದು ಭಾವಿಸುವಂತಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಎಲ್ಲಿದೆ ಈ ಹೊಂದಿಕೆ?

ಮೇಲಿನ ಪಟ್ಟಿಯಲ್ಲಿ ಮ್ಯಾನೇಜ್ ಎಂಬುದನ್ನು ಒತ್ತಿ, ಎಂಇಪಿ ಸೆಟ್ಟಿಂಗ್ಸ್ ಅಡಿಯಲ್ಲಿ ಮೆಕ್ಯಾನಿಕಲ್ ಸೆಟ್ಟಿಂಗ್ಸ್ ಆಯ್ದುಕೊಳ್ಳಬೇಕು. ಕೀಲಿಮಣೆಯಲ್ಲಿ ಎಂ ಮತ್ತು ಎಸ್ ಅಕ್ಷರಗಳನ್ನು ಒಂದರ ಹಿಂದೊಂದು ಒತ್ತಿದರೂ ಅದೇ ಕಿಟಕಿ ತೆರೆಯುತ್ತದೆ. ಎಡಬದಿಯಲ್ಲಿ ಮರೆಗೆರೆ, ಡಕ್ಟ್ ಮತ್ತು ಪೈಪ್ ಎಂಬ ಮುಖ್ಯ ವಿಭಾಗಗಳೂ ಅವುಗಳ ಒಳವಿಭಾಗಗಳೂ ಕಾಣಿಸುತ್ತವೆ. ಆವೃತ್ತಿಯಿಂದ ಆವೃತ್ತಿಗೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಒಟ್ಟು ಸ್ವರೂಪ ಬದಲಾಗಿಲ್ಲ.

ಇಲ್ಲಿ ಮಾಡುವ ಬದಲಾವಣೆಗಳು ತೆರೆದಿರುವ ಯೋಜನಾ ಕಡತಕ್ಕೆ ಮಾತ್ರ ಅನ್ವಯಿಸುತ್ತವೆ. ಕಂಪ್ಯೂಟರಿನಲ್ಲಿರುವ ಇತರ ಕಡತಗಳಿಗಲ್ಲ. ಆದ್ದರಿಂದ ಒಮ್ಮೆ ಸರಿಯಾಗಿ ಹೊಂದಿಸಿದ ಕಡತವನ್ನು ಕಚೇರಿಯ ಮಾದರಿ ಕಡತವಾಗಿ, ಅಂದರೆ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳುವುದು ಜಾಣತನ. ಈಗಾಗಲೇ ಆರಂಭವಾಗಿರುವ ಯೋಜನೆಗೆ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಸ್ಟ್ಯಾಂಡರ್ಡ್ಸ್ ಎಂಬ ಆದೇಶದ ಮೂಲಕ ಅವುಗಳನ್ನು ವರ್ಗಾಯಿಸಲೂ ಸಾಧ್ಯ.

ಮರೆಗೆರೆ ವಿಭಾಗ ನಕಾಶೆಯ ಓದುವಿಕೆಗೆ ಸಂಬಂಧಿಸಿದ್ದು. ಒಂದು ಕೊಳವೆ ಇನ್ನೊಂದರ ಕೆಳಗೆ ಹಾದುಹೋಗುವಲ್ಲಿ ಗೆರೆಯನ್ನು ಎಷ್ಟು ತುಂಡರಿಸಿ ತೋರಿಸಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಲೆಕ್ಕಾಚಾರಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಯಾವ ಕೊಳವೆ ಮೇಲೆ, ಯಾವುದು ಕೆಳಗೆ ಎಂಬುದು ಸ್ಥಳದಲ್ಲಿ ದುಡಿಯುವ ಮೇಸ್ತ್ರಿಗೆ ಮೊದಲ ನೋಟಕ್ಕೆ ತಿಳಿಯಬೇಕಾದರೆ ಇದನ್ನು ಗಮನಿಸಲೇಬೇಕು.

ಗಾಳಿಯ ಸಾಂದ್ರತೆ: ಬೆಂಗಳೂರು ಬೇರೆ, ಮಂಗಳೂರು ಬೇರೆ

ಡಕ್ಟ್ ವಿಭಾಗದಲ್ಲಿ ಕರ್ನಾಟಕದ ವಿನ್ಯಾಸಕಾರರು ಮೊದಲು ನೋಡಬೇಕಾದ ಅಂಶ ಗಾಳಿಯ ಸಾಂದ್ರತೆ. ಸಿದ್ಧ ಕಡತದಲ್ಲಿ ಇದು ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ ಎಂದಿರುತ್ತದೆ. ಸಮುದ್ರ ಮಟ್ಟದಲ್ಲಿ, 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಈ ಸಂಖ್ಯೆ ಸರಿ. ಮಂಗಳೂರು, ಕಾರವಾರಗಳಿಗೆ ಹೆಚ್ಚುಕಡಿಮೆ ಇದನ್ನೇ ಬಳಸಬಹುದು.

ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಅದೇ ಉಷ್ಣಾಂಶದಲ್ಲಿ ಇಲ್ಲಿನ ಸಾಂದ್ರತೆ ಸುಮಾರು 1.08, ಅಂದರೆ ಶೇ. 10ರಷ್ಟು ಕಡಿಮೆ. ಸುಮಾರು 760 ಮೀಟರ್ ಎತ್ತರದ ಮೈಸೂರಿನಲ್ಲಿ 1.10, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 1.05ರ ಆಸುಪಾಸು.

ಈ ಹತ್ತು ಪ್ರತಿಶತದಿಂದ ಆಗುವುದೇನು? ಕೊಠಡಿಯ ಶಾಖವನ್ನು ಹೊತ್ತೊಯ್ಯುವುದು ಗಾಳಿಯ ತೂಕವೇ ಹೊರತು ಅದರ ಗಾತ್ರವಲ್ಲ. ಹೊರಗಿನಿಂದ 12 ಕಿಲೋವ್ಯಾಟ್ ಶಾಖ ಸೇರುವ ಕೊಠಡಿಯೊಂದಕ್ಕೆ, ಕೊಠಡಿಗಿಂತ 10 ಡಿಗ್ರಿ ತಂಪಾದ ಗಾಳಿ ಹಾಯಿಸುತ್ತೇವೆ ಎಂದಿಟ್ಟುಕೊಳ್ಳೋಣ. ಮಂಗಳೂರಿನಲ್ಲಿ ಸೆಕೆಂಡಿಗೆ ಸುಮಾರು 1,000 ಲೀಟರ್ ಗಾಳಿ ಸಾಕು. ಬೆಂಗಳೂರಿನಲ್ಲಿ ಅದೇ ಕೆಲಸಕ್ಕೆ 1,100 ಲೀಟರ್ ಬೇಕು. ಕರಾವಳಿಯ ಲೆಕ್ಕವನ್ನೇ ಇಲ್ಲಿಗೂ ಹೊಂದಿಸಿದರೆ ಬೇಸಿಗೆಯ ಮಧ್ಯಾಹ್ನ ಕೊಠಡಿ ತಂಪಾಗದಿರುವುದು ಸಹಜವೇ.

ಇನ್ನೊಂದೆಡೆ, ತೆಳು ಗಾಳಿ ನಾಳದ ಗೋಡೆಗೆ ಉಜ್ಜಿ ಕಳೆದುಕೊಳ್ಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಹಳೆಯ ಸಂಖ್ಯೆಯನ್ನೇ ಉಳಿಸಿಕೊಂಡರೆ ತಂತ್ರಾಂಶ ಒತ್ತಡ ನಷ್ಟವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸಾಂದ್ರತೆಯ ಪಕ್ಕದಲ್ಲೇ ಇರುವ ಸ್ನಿಗ್ಧತೆಯನ್ನು ಎತ್ತರಕ್ಕಾಗಿ ಬದಲಿಸಬೇಕಿಲ್ಲ. ಅದು ಅವಲಂಬಿಸುವುದು ಉಷ್ಣಾಂಶವನ್ನು. 20 ಡಿಗ್ರಿಯಲ್ಲಿ ಅದರ ಮೌಲ್ಯ ಸುಮಾರು 0.000018 ಪ್ಯಾಸ್ಕಲ್ ಸೆಕೆಂಡ್.

ಅಳತೆಯ ನಡುವಿನ ಗುಣಾಕಾರ ಚಿಹ್ನೆ, ದುಂಡು ನಾಳದ ಅಳತೆಯ ಜೊತೆಗೆ ಬರುವ ವ್ಯಾಸದ ಗುರುತು, ನಾಳ ಮೇಲೇರುವಲ್ಲಿ ಮತ್ತು ಕೆಳಗಿಳಿಯುವಲ್ಲಿ ಬರೆಯುವ ಸಂಕೇತಗಳನ್ನೂ ಇದೇ ವಿಭಾಗದಲ್ಲಿ ಹೊಂದಿಸಬಹುದು. ಇವೆಲ್ಲ ನಕಾಶೆಯ ಬರವಣಿಗೆಗಷ್ಟೇ ಸೀಮಿತ.

ಕೋನ ಮತ್ತು ಎತ್ತರ

ಆಂಗಲ್ಸ್ ಎಂಬ ಒಳವಿಭಾಗದಲ್ಲಿ ಮೂರು ಆಯ್ಕೆಗಳಿವೆ: ಯಾವುದೇ ಕೋನ, ನಿಗದಿತ ಅಂತರದ ಕೋನ ಮತ್ತು ನಿರ್ದಿಷ್ಟ ಕೋನಗಳು ಮಾತ್ರ. ತಗಡಿನ ನಾಳವನ್ನು ಕಾರ್ಯಾಗಾರದಲ್ಲಿ ಬೇಕಾದ ಕೋನಕ್ಕೆ ಮಡಚಬಹುದು. ಆದರೆ ಕೊಳವೆಯ ಬೆಂಡುಗಳು ಅಂಗಡಿಯಲ್ಲಿ ದೊರೆಯುವುದು ನಿಗದಿತ ಕೋನಗಳಲ್ಲಿ. ಯಾವುದೇ ಕೋನ ಎಂದು ಬಿಟ್ಟರೆ ತೆರೆಯ ಮೇಲೆ 37 ಡಿಗ್ರಿಯ ಬೆಂಡೂ ಸಲೀಸಾಗಿ ಮೂಡುತ್ತದೆ. ಮಾರುಕಟ್ಟೆಯಲ್ಲಿ ಅದು ಸಿಗುವುದಿಲ್ಲ. ಪೈಪ್ ವಿಭಾಗದಲ್ಲಾದರೂ ನಿರ್ದಿಷ್ಟ ಕೋನಗಳನ್ನೇ ಆಯ್ದುಕೊಳ್ಳುವುದು ಒಳ್ಳೆಯದು.

ಕನ್ವರ್ಷನ್ ಎಂಬ ಒಳವಿಭಾಗ ತಂತ್ರಾಂಶವೇ ನಾಳದ ದಾರಿಯನ್ನು ಸೂಚಿಸುವಾಗ ಬಳಕೆಗೆ ಬರುತ್ತದೆ. ಮುಖ್ಯ ನಾಳ, ಕವಲು ನಾಳಗಳ ಮಾದರಿ ಹಾಗೂ ನೆಲದಿಂದ ಅವುಗಳ ಎತ್ತರವನ್ನು ಇಲ್ಲಿ ನಮೂದಿಸಬೇಕು. ಬಳುಕುವ ನಾಳದ ಗರಿಷ್ಠ ಉದ್ದವೂ ಇಲ್ಲಿಯೇ ನಿಗದಿಯಾಗುತ್ತದೆ. ಅದರ ಒಳಮೈ ತಗಡಿಗಿಂತ ಬಹಳ ಒರಟಾದ್ದರಿಂದ ಉದ್ದವನ್ನು ಸುಮಾರು ಒಂದೂವರೆ ಮೀಟರಿಗೆ ಮಿತಗೊಳಿಸುವುದು ರೂಢಿ.

ಎತ್ತರದ ಲೆಕ್ಕವನ್ನು ಉದಾಹರಣೆಯೊಂದಿಗೆ ನೋಡೋಣ. ಅಂತಸ್ತಿನಿಂದ ಅಂತಸ್ತಿಗೆ 3,600 ಮಿ.ಮೀ., ತೊಲೆಯ ಒಟ್ಟು ಆಳ 550 ಮಿ.ಮೀ., ಫಾಲ್ಸ್ ಸೀಲಿಂಗ್ ನೆಲದಿಂದ 2,700 ಮಿ.ಮೀ. ಎಂದಿರಲಿ. ತೊಲೆಗೂ ಸೀಲಿಂಗಿಗೂ ನಡುವೆ ಉಳಿಯುವುದು 350 ಮಿ.ಮೀ. ಸೀಲಿಂಗಿನ ಚೌಕಟ್ಟಿಗೆ 50 ಮಿ.ಮೀ. ಕಳೆದರೆ 300 ಮಿ.ಮೀ. ಈಗ 600×300 ಅಳತೆಯ ನಾಳಕ್ಕೆ ಮೇಲೆ ಕೆಳಗೆ 25 ಮಿ.ಮೀ. ಶಾಖನಿರೋಧಕ ಹೊದಿಕೆ ಸೇರಿದರೆ 350 ಮಿ.ಮೀ. ಆಗುತ್ತದೆ. ಅದು ಹಿಡಿಸುವುದಿಲ್ಲ. ಅನಿವಾರ್ಯವಾಗಿ 900×200 ಅಳತೆಗೆ ಹೋಗಬೇಕು. ಹೊದಿಕೆ ಸೇರಿ 250 ಮಿ.ಮೀ. ಆದರೂ ತೂಗುಕಂಬಿ, ಜೋಡಣೆಯ ಅಂಚುಗಳಿಗೆ 50 ಮಿ.ಮೀ. ಉಳಿಯುತ್ತದೆ. ನಾಳದ ಮಧ್ಯರೇಖೆ ನೆಲದಿಂದ 2,875 ಮಿ.ಮೀ. ಎತ್ತರದಲ್ಲಿ ಬರುತ್ತದೆ. ಕಿಟಕಿಯಲ್ಲಿ ತುಂಬಬೇಕಾದ ಸಂಖ್ಯೆ ಇದು. ಸಿದ್ಧ ಕಡತದಲ್ಲಿದ್ದ ಎತ್ತರವಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಎರಡೂ ನಾಳಗಳ ಅಡ್ಡಕೊಯ್ತದ ವಿಸ್ತೀರ್ಣ ಒಂದೇ. ಆದರೆ ಘರ್ಷಣೆಯ ದೃಷ್ಟಿಯಿಂದ ಮೊದಲನೆಯದು 457 ಮಿ.ಮೀ. ವ್ಯಾಸದ ದುಂಡು ನಾಳಕ್ಕೆ ಸಮ, ಎರಡನೆಯದು 435 ಮಿ.ಮೀ. ವ್ಯಾಸದ ನಾಳಕ್ಕೆ ಸಮ. ಸೆಕೆಂಡಿಗೆ 1,000 ಲೀಟರ್ ಗಾಳಿ ಹರಿಯುವಾಗ ಮೊದಲನೆಯದರಲ್ಲಿ ಮೀಟರಿಗೆ ಸುಮಾರು 0.8 ಪ್ಯಾಸ್ಕಲ್ ಒತ್ತಡ ನಷ್ಟವಾದರೆ ಎರಡನೆಯದರಲ್ಲಿ ಅದು 1 ಪ್ಯಾಸ್ಕಲ್ ಮುಟ್ಟುತ್ತದೆ. ಅಗಲವಾದ ಚಪ್ಪಟೆ ನಾಳಕ್ಕೆ ತಗಡೂ ಹೆಚ್ಚು, ಫ್ಯಾನಿನ ವಿದ್ಯುತ್ತೂ ಹೆಚ್ಚು. ಸೀಲಿಂಗಿನಲ್ಲಿ ಉಳಿಸಿದ ಜಾಗಕ್ಕೆ ಕಟ್ಟಡದ ಆಯುಷ್ಯವಿಡೀ ವಿದ್ಯುತ್ ಬಿಲ್ಲಿನಲ್ಲಿ ದಂಡ ತೆರಬೇಕಾಗುತ್ತದೆ.

ಅಳತೆಗಳ ಪಟ್ಟಿ

ಡಕ್ಟ್ ಮತ್ತು ಪೈಪ್ ಎರಡರಲ್ಲೂ ಅಳತೆಗಳ ಪಟ್ಟಿಯಿದ್ದು, ಪ್ರತಿ ಅಳತೆಯ ಮುಂದೆ ಎರಡು ಗುರುತು ಚೌಕಗಳಿರುತ್ತವೆ. ಮೊದಲನೆಯದು ಆ ಅಳತೆ ಗೆರೆ ಎಳೆಯುವಾಗ ಪಟ್ಟಿಯಲ್ಲಿ ಕಾಣಿಸಬೇಕೇ ಎಂಬುದಕ್ಕೆ; ಎರಡನೆಯದು ತಂತ್ರಾಂಶ ತಾನಾಗಿ ಅಳತೆ ಲೆಕ್ಕ ಹಾಕುವಾಗ ಅದನ್ನು ಪರಿಗಣಿಸಬೇಕೇ ಎಂಬುದಕ್ಕೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ನಿಮ್ಮ ಊರಿನ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದ ಅಳತೆಯ ಎರಡನೇ ಗುರುತನ್ನು ತೆಗೆದುಹಾಕಿದರೆ ತಂತ್ರಾಂಶ ಅದನ್ನು ಸೂಚಿಸುವುದಿಲ್ಲ. ಹಳೆಯ ಕಟ್ಟಡದಲ್ಲಿ ಈಗಾಗಲೇ ಆ ಅಳತೆಯ ಕೊಳವೆಯಿದ್ದರೆ ಮೊದಲ ಗುರುತನ್ನು ಉಳಿಸಿಕೊಂಡು ಅದನ್ನು ಚಿತ್ರಿಸಬಹುದು.

ಪೈಪುಗಳ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಹೆಸರಿನ ಅಳತೆ, ಒಳವ್ಯಾಸ, ಹೊರವ್ಯಾಸ ಎಂಬ ಮೂರು ಸಂಖ್ಯೆಗಳಿವೆ. ನೀರಿನ ಲೆಕ್ಕಕ್ಕೆ ಮುಖ್ಯವಾದುದು ಒಳವ್ಯಾಸ. ಭಾರತದಲ್ಲಿ ಜಿಐ ಕೊಳವೆಗೆ ಐಎಸ್ 1239, ಸಿಪಿವಿಸಿ ಕೊಳವೆಗೆ ಐಎಸ್ 15778, ಹೊಲಸು ನೀರಿನ ಯುಪಿವಿಸಿ ಕೊಳವೆಗೆ ಐಎಸ್ 13592 ಮಾನಕಗಳಿವೆ. ಅಂಗಡಿಯಲ್ಲಿ ಒಂದಿಂಚಿನ ಪೈಪು ಎಂದು ಕೇಳಿದರೆ ಜಿಐನಲ್ಲೂ ಸಿಗುತ್ತದೆ, ಸಿಪಿವಿಸಿಯಲ್ಲೂ ಸಿಗುತ್ತದೆ. ಆದರೆ ಮಧ್ಯಮ ದರ್ಜೆಯ ಜಿಐ ಕೊಳವೆಯ ಒಳವ್ಯಾಸ ಸುಮಾರು 27 ಮಿ.ಮೀ. ಇದ್ದರೆ, 28.6 ಮಿ.ಮೀ. ಹೊರವ್ಯಾಸದ ಸಿಪಿವಿಸಿ ಕೊಳವೆಯ ಒಳವ್ಯಾಸ ಸುಮಾರು 23 ಮಿ.ಮೀ. ಮಾತ್ರ. ಅಷ್ಟೇ ನೀರು ಹರಿಯಬೇಕಾದರೆ ವೇಗ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗಬೇಕು. ಸಿಪಿವಿಸಿಯ ಒಳಮೈ ನುಣುಪಾಗಿರುವುದರಿಂದ ಸ್ವಲ್ಪ ಲಾಭವಿದ್ದರೂ ವ್ಯಾಸದ ನಷ್ಟವನ್ನು ಅದು ಪೂರ್ತಿ ತುಂಬಿಕೊಡುವುದಿಲ್ಲ. ಜಿಐ ಎಂದು ಲೆಕ್ಕ ಹಾಕಿ ಸ್ಥಳದಲ್ಲಿ ಸಿಪಿವಿಸಿ ಅಳವಡಿಸಿದ ಮನೆಗಳ ಮೇಲಂತಸ್ತಿನಲ್ಲಿ ನಲ್ಲಿ ಸೊರಗುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ಒಳಮೈಯ ಒರಟುತನವನ್ನೂ ಇಲ್ಲಿಯೇ ನಮೂದಿಸಬೇಕು. ಜಿಐಗೆ 0.15 ಮಿ.ಮೀ., ಪ್ಲಾಸ್ಟಿಕ್ ಕೊಳವೆಗಳಿಗೆ 0.0015 ಮಿ.ಮೀ. ಸಾಮಾನ್ಯವಾಗಿ ಬಳಸುವ ಮೌಲ್ಯಗಳು.

ದ್ರವ ಮತ್ತು ಅದರ ಉಷ್ಣಾಂಶ

ಫ್ಲೂಯಿಡ್ಸ್ ಎಂಬಲ್ಲಿ ನೀರಿನ ಸಾಂದ್ರತೆ ಮತ್ತು ಸ್ನಿಗ್ಧತೆಗಳು ಉಷ್ಣಾಂಶಕ್ಕೆ ಅನುಗುಣವಾಗಿ ಪಟ್ಟಿಯಾಗಿರುತ್ತವೆ. 7 ಡಿಗ್ರಿಯ ಶೀತಲ ನೀರಿನ ಸ್ನಿಗ್ಧತೆ ಸುಮಾರು 1.43 ಮಿಲಿಪ್ಯಾಸ್ಕಲ್ ಸೆಕೆಂಡ್. 60 ಡಿಗ್ರಿಯ ಬಿಸಿ ನೀರಿನದು ಸುಮಾರು 0.47. ವ್ಯತ್ಯಾಸ ಮೂರು ಪಟ್ಟು. ಪ್ರತಿ ವ್ಯವಸ್ಥೆಗೂ ಸರಿಯಾದ ದ್ರವ ಹಾಗೂ ಉಷ್ಣಾಂಶ ಆಯ್ದುಕೊಂಡಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಶೀತಲ ನೀರಿನ ಜಾಲಕ್ಕೆ ಬಿಸಿ ನೀರಿನ ಮೌಲ್ಯ ಅಂಟಿಕೊಂಡಿದ್ದರೆ ಪಂಪಿನ ಸಾಮರ್ಥ್ಯ ಕಡಿಮೆ ಬಿದ್ದೀತು.

ಇಳಿಜಾರು: ಮಾದರಿ ಸುಳ್ಳು ಹೇಳದಿರಲಿ

ಹೊಲಸು ನೀರಿನ ಕೊಳವೆಗೆ ಪಂಪಿನ ಆಸರೆಯಿಲ್ಲ. ಇಳಿಜಾರೇ ಅದರ ಶಕ್ತಿ. ರೆವಿಟ್‌ನಲ್ಲಿ ಕೊಳವೆ ಎಳೆಯುವಾಗ ದೊರೆಯುವ ಇಳಿಜಾರುಗಳು ಪೈಪ್ ವಿಭಾಗದ ಸ್ಲೋಪ್ಸ್ ಪಟ್ಟಿಯಲ್ಲಿ ಇರುವವು ಮಾತ್ರ. ಅಮೆರಿಕದ ರೂಢಿಯಂತೆ ಅಡಿಗೆ ಕಾಲಿಂಚು ಎಂದರೆ 48ಕ್ಕೆ 1. ಅರೆಪಾಲು, ಅಂದರೆ ಅಡಿಗೆ ಎಂಟನೇ ಒಂದು ಇಂಚು ಎಂದರೆ 96ಕ್ಕೆ 1. ನಮ್ಮಲ್ಲಿ ಪರಿಚಿತವಾದ ಮೆಗ್ವಾಯರ್ ಸೂತ್ರದ ಪ್ರಕಾರ ನಾಲ್ಕಿಂಚಿನ ಕೊಳವೆಗೆ 40ಕ್ಕೆ 1, ಆರಿಂಚಿನದಕ್ಕೆ 60ಕ್ಕೆ 1. ಶೇಕಡಾವಾರು ಹೇಳುವುದಾದರೆ ಇವು ಕ್ರಮವಾಗಿ ಶೇ. 2.5 ಮತ್ತು ಶೇ. 1.67. ಈ ಸಂಖ್ಯೆಗಳನ್ನು ಪಟ್ಟಿಗೆ ಮೊದಲೇ ಸೇರಿಸಿಕೊಳ್ಳಬೇಕು.

ಮೇಲಿನ ಉದಾಹರಣೆಯ ಸೀಲಿಂಗಿನೊಳಗೇ 12 ಮೀಟರ್ ಉದ್ದದ 110 ಮಿ.ಮೀ. ಕೊಳವೆ ಹಾಯಬೇಕೆನ್ನಿ. 40ಕ್ಕೆ 1ರ ಇಳಿಜಾರಿನಲ್ಲಿ ಅದು 300 ಮಿ.ಮೀ. ಇಳಿಯುತ್ತದೆ. ಕೊಳವೆಯ ದಪ್ಪ ಸೇರಿದರೆ 410 ಮಿ.ಮೀ. ಬೇಕು, ಇರುವುದು 300. ಇಂತಹ ಸಂದರ್ಭದಲ್ಲಿ ಇಳಿಜಾರನ್ನು 100ಕ್ಕೆ 1ಕ್ಕೆ ಇಳಿಸಿಬಿಡುವ ಆಮಿಷ ಸಹಜ. ಆಗ 230 ಮಿ.ಮೀ. ಸಾಕು, ಮಾದರಿಯಲ್ಲಿ ಡಿಕ್ಕಿಯೂ ಕಾಣಿಸುವುದಿಲ್ಲ. ಆದರೆ ನೀರಿನ ವೇಗ ತಗ್ಗಿ ಕಸ ತಳದಲ್ಲೇ ಉಳಿಯುತ್ತದೆ. ಅದಕ್ಕಿಂತಲೂ ಅಪಾಯಕಾರಿಯಾದುದು ಇಳಿಜಾರೇ ಇಲ್ಲದೆ ಸಮತಟ್ಟಾಗಿ ಎಳೆದು, ಸ್ಥಳದಲ್ಲಿ ನೋಡಿಕೊಳ್ಳೋಣ ಎಂದು ಬಿಡುವುದು. ಕೊಳವೆ ಇಳಿಯುವ ಶಾಫ್ಟನ್ನು ಸ್ನಾನಗೃಹದ ಹತ್ತಿರಕ್ಕೆ ತರುವುದೇ ಸರಿಯಾದ ಪರಿಹಾರ. ಆ ಮಾತನ್ನು ವಾಸ್ತುಶಿಲ್ಪಿಗೆ ಹೇಳಬೇಕಾದ ಸಮಯ ನಕಾಶೆಯ ಹಂತ. ಕಾಂಕ್ರೀಟ್ ಸುರಿದ ಮೇಲಲ್ಲ.

ಲೆಕ್ಕದ ವಿಧಾನ

ಒತ್ತಡ ನಷ್ಟದ ಲೆಕ್ಕಕ್ಕೆ ಕೋಲ್‌ಬ್ರುಕ್, ಹಾಲಾಂಡ್ ಮುಂತಾದ ಸೂತ್ರಗಳನ್ನು ಆಯ್ದುಕೊಳ್ಳುವ ಅವಕಾಶವಿದೆ. ಮೊದಲನೆಯದು 1939ರದು, ಎರಡನೆಯದು 1983ರದು. ಸಾಮಾನ್ಯ ಕಟ್ಟಡಗಳಲ್ಲಿ ಇವುಗಳ ಉತ್ತರಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಬರುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದುದು ಸೂತ್ರದ ಬಗ್ಗೆಯಲ್ಲ, ಬೆಂಡು, ಟೀ, ವಾಲ್ವ್‌ಗಳ ಬಗ್ಗೆ. ಇವುಗಳಲ್ಲಿ ಒತ್ತಡ ನಷ್ಟದ ವಿಧಾನ ನಮೂದಾಗದಿದ್ದರೆ ತಂತ್ರಾಂಶ ಅವುಗಳ ನಷ್ಟವನ್ನು ಸೊನ್ನೆ ಎಂದೇ ಪರಿಗಣಿಸುತ್ತದೆ. ವರದಿ ಅಚ್ಚುಕಟ್ಟಾಗಿ ಬರುತ್ತದೆ. ಪಂಪು ಮಾತ್ರ ಸಾಲದೆ ಹೋಗುತ್ತದೆ.

ನೀರು ಸರಬರಾಜಿಗೆ ಸಂಬಂಧಿಸಿದ ಇನ್ನೊಂದು ಆಯ್ಕೆ ಫ್ಲಶ್ ಟ್ಯಾಂಕೋ, ಫ್ಲಶ್ ವಾಲ್ವೋ ಎಂಬುದು. ಅಮೆರಿಕದ ರಾಯ್ ಹಂಟರ್ 1940ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನಲ್ಲಿ, ಶೌಚದ ಬೋಗುಣಿ ಮುಂತಾದವಕ್ಕೆ ಘಟಕಗಳ ಮೌಲ್ಯ ಕೊಟ್ಟು, ಎಲ್ಲವೂ ಒಮ್ಮೆಲೇ ಬಳಕೆಯಾಗುವ ಸಂಭವವನ್ನು ಅಂದಾಜಿಸಲಾಗುತ್ತದೆ. ಅಲ್ಲಿನ ಸಂಹಿತೆಯ ಪಟ್ಟಿಯಂತೆ 100 ಘಟಕಗಳಿಗೆ ಟ್ಯಾಂಕ್ ವ್ಯವಸ್ಥೆಯಲ್ಲಿ ನಿಮಿಷಕ್ಕೆ ಸುಮಾರು 165 ಲೀಟರ್, ವಾಲ್ವ್ ವ್ಯವಸ್ಥೆಯಲ್ಲಿ ಸುಮಾರು 255 ಲೀಟರ್ ಬೇಕು. ಒಂದು ಗುರುತು ತಪ್ಪಿದರೆ ಕೊಳವೆ ಇಡೀ ಒಂದು ಅಳತೆ ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ.

ಜೋಡಣೆಯ ಆದ್ಯತೆ

ಮೆಕ್ಯಾನಿಕಲ್ ಸೆಟ್ಟಿಂಗ್ಸ್ ಮುಗಿದ ಬಳಿಕ ಪ್ರತಿ ಡಕ್ಟ್ ಮತ್ತು ಪೈಪ್ ಮಾದರಿಯ ಗುಣಲಕ್ಷಣಗಳಲ್ಲಿ ರೌಟಿಂಗ್ ಪ್ರಿಫರೆನ್ಸಸ್ ಎಂಬುದನ್ನು ತೆರೆಯಬೇಕು. ಯಾವ ಅಳತೆಗೆ ಯಾವ ಕೊಳವೆ, ಯಾವ ಬೆಂಡು, ಕವಲಿಗೆ ಟೀ ಬಳಸಬೇಕೋ ನೇರ ರಂಧ್ರದ ಜೋಡಣೆಯೋ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ. ಉದಾಹರಣೆಗೆ ಉಕ್ಕಿನ ಕೊಳವೆಗೆ 15ರಿಂದ 50 ಮಿ.ಮೀ. ವರೆಗೆ ಮರೆಯ ಜೋಡಣೆ, 65 ಮಿ.ಮೀ. ಯಿಂದ ಮೇಲೆ ವೆಲ್ಡಿಂಗ್ ಎಂದು ನಿಗದಿಪಡಿಸಬಹುದು. ಪಟ್ಟಿಯಲ್ಲಿ ಮೇಲಿರುವ ನಿಯಮವನ್ನು ತಂತ್ರಾಂಶ ಮೊದಲು ಪರಿಶೀಲಿಸುತ್ತದೆ. ಖರೀದಿಯ ಪಟ್ಟಿ ತಯಾರಾಗುವುದು ಇದರಿಂದಲೇ ಆದ್ದರಿಂದ ಇಲ್ಲಿನ ಅಜಾಗರೂಕತೆ ನೇರವಾಗಿ ಹಣದ ನಷ್ಟಕ್ಕೆ ದಾರಿ.

ಮೊದಲ ಗೆರೆಗೆ ಮುನ್ನ ಪರಿಶೀಲಿಸಿ

1. ಯೋಜನೆಯ ಮಾನಗಳು ಮೆಟ್ರಿಕ್ ಆಗಿವೆಯೇ? ಇಳಿಜಾರು ಶೇಕಡಾವಾರೋ, ಅನುಪಾತವೋ?
2. ಗಾಳಿಯ ಸಾಂದ್ರತೆ ಊರಿನ ಎತ್ತರಕ್ಕೆ ಹೊಂದುತ್ತದೆಯೇ?
3. ಕೊಳವೆಗಳ ಒಳವ್ಯಾಸ ಭಾರತೀಯ ಮಾನಕಕ್ಕೆ ಅನುಗುಣವಾಗಿದೆಯೇ?
4. ದೊರೆಯದ ಅಳತೆ ಮತ್ತು ಕೋನಗಳನ್ನು ಕೈಬಿಡಲಾಗಿದೆಯೇ?
5. ಬೇಕಾದ ಇಳಿಜಾರುಗಳು ಪಟ್ಟಿಯಲ್ಲಿವೆಯೇ?
6. ಪ್ರತಿ ವ್ಯವಸ್ಥೆಯ ದ್ರವ ಮತ್ತು ಉಷ್ಣಾಂಶ ಸರಿಯಾಗಿದೆಯೇ?
7. ಬೆಂಡು, ವಾಲ್ವ್‌ಗಳ ಒತ್ತಡ ನಷ್ಟ ಸೊನ್ನೆಯಾಗಿ ಉಳಿದಿಲ್ಲವಷ್ಟೆ?

ಇಷ್ಟನ್ನು ಪರಿಶೀಲಿಸಲು ಅನುಭವಿ ವಿನ್ಯಾಸಕಾರರಿಗೆ ಅರ್ಧ ದಿನ ಸಾಕು. ಮನೆ ಅಥವಾ ಕಚೇರಿ ಕಟ್ಟಿಸುವವರೂ ತಮ್ಮ ಎಂಜಿನಿಯರರನ್ನು ಕನಿಷ್ಠ ಎರಡು ಪ್ರಶ್ನೆ ಕೇಳಬಹುದು: ಗಾಳಿಯ ಲೆಕ್ಕವನ್ನು ಯಾವ ಎತ್ತರಕ್ಕೆ ಹಾಕಿದ್ದೀರಿ? ಹೊಲಸು ನೀರಿನ ಕೊಳವೆಯ ಇಳಿಜಾರು ಎಷ್ಟು? ತಂತ್ರಾಂಶ ತನಗೆ ಕೊಟ್ಟ ಸಂಖ್ಯೆಯನ್ನು ಪ್ರಶ್ನಿಸದೆ ಲೆಕ್ಕ ಹಾಕುತ್ತದೆ. ಆ ಸಂಖ್ಯೆ ನಮ್ಮ ಊರಿಗೆ, ನಮ್ಮ ಮಾರುಕಟ್ಟೆಗೆ ಸರಿಹೊಂದುತ್ತದೆಯೇ ಎಂದು ಕೇಳುವ ಹೊಣೆ ಅದನ್ನು ಬಳಸುವವರದು.